ಕೈಗೂ ಕಲಿಸಬೇಕಾದ ಕರುಣೆ

ಜೀವಂತ ಪ್ರಾಣಿಗಳ ಮೇಲೆ ವೈದ್ಯವಿಜ್ಞಾನಿಗಳು ನಡೆಸುತ್ತಿದ್ದ ಪ್ರಯೋಗಗಳನ್ನು ಕುರಿತು ವಿಚಾರಣೆ ನಡೆಸಲು 1875ರಲ್ಲಿ ಇಂಗ್ಲೆಂಡಿನಲ್ಲಿ ಒಂದು ರಾಜಾಯೋಗವು ನೇಮಕಗೊಂಡಿತು. ಚಾರ್ಲ್ಸ್ ಡಾರ್ವಿನ್ನನಂತಹ ಹಿರಿಯರು ಅದರ ಮುಂದೆ ಸಾಕ್ಷ್ಯ ನುಡಿದರು. ಆದರೆ ಜನಮನವನ್ನು ಕಲಕಿದುದು ಎಮ್ಯಾನುಯೆಲ್ ಕ್ಲೈನ್ ಎಂಬ ಅಂಗಾಂಶ ವಿಜ್ಞಾನಿಯ ಸಾಕ್ಷ್ಯ. ತಾನು ಅರಿವಳಿಕೆಯನ್ನು ಬಳಸುವುದು ಬಹುಮಟ್ಟಿಗೆ ತನ್ನ ಅನುಕೂಲಕ್ಕಾಗಿಯೇ, ಪ್ರಾಣಿಯ ವೇದನೆಯನ್ನು ಯೋಚಿಸುತ್ತ ಕೂರಲು ಸಂಶೋಧಕನಿಗೆ ಸಮಯವಿಲ್ಲ ಎಂಬ ಅರ್ಥದಲ್ಲಿ ಆತ ಉತ್ತರಿಸಿದ. ಕ್ಲೈನ್ ತನ್ನ ವಿದ್ಯೆಯಲ್ಲಿ ನಿಷ್ಣಾತನಾಗಿದ್ದ. ಅವನಲ್ಲಿ ಇಲ್ಲದಿದ್ದುದು ವಿದ್ಯೆಯಲ್ಲ, ದಯೆ.

ಆಯೋಗದ ವರದಿಯ ಫಲವಾಗಿ 1876ರಲ್ಲಿ ಬ್ರಿಟಿಷ್ ಸಂಸತ್ತು ಪ್ರಾಣಿಹಿಂಸಾ ಕಾಯಿದೆಯನ್ನು ಅಂಗೀಕರಿಸಿತು. ಪ್ರಾಣಿಪ್ರಯೋಗವನ್ನು ನಿಯಂತ್ರಿಸಲು ಜಗತ್ತಿನಲ್ಲಿ ರಚಿತವಾದ ಮೊದಲ ರಾಷ್ಟ್ರೀಯ ಕಾನೂನು ಅದು. ಪ್ರಯೋಗ ಮಾಡುವವನು ಗೃಹಮಂತ್ರಿಯಿಂದ ಪರವಾನಗಿ ಪಡೆಯಬೇಕು. ಅವನ ಅರ್ಜಿಗೆ ರಾಯಲ್ ಸೊಸೈಟಿಯಂತಹ ವಿದ್ವತ್ಸಂಸ್ಥೆಯ ಅಧ್ಯಕ್ಷರ ಮತ್ತು ಒಬ್ಬ ಪ್ರಾಧ್ಯಾಪಕರ ರುಜು ಇರಬೇಕು. ಇವುಗಳೊಡನೆ ಇನ್ನೊಂದು ನಿಬಂಧನೆಯೂ ಇತ್ತು. ಕೇವಲ ಕೈಚಳಕವನ್ನು ಸಂಪಾದಿಸುವ ಉದ್ದೇಶದಿಂದ ಜೀವಂತ ಪ್ರಾಣಿಯ ಮೇಲೆ ಪ್ರಯೋಗ ನಡೆಸಕೂಡದು.

ಈ ನಿಬಂಧನೆಯ ಹಿಂದಿನ ಭಾವನೆ ಉದಾತ್ತವಾದುದು. ಕಲಿಯುವವನ ತಪ್ಪುಗಳ ಬೆಲೆಯನ್ನು ಮೂಕಜೀವಿ ತೆರಬಾರದೆಂಬುದೇ ಅದರ ಆಶಯ. ಆದರೆ ಅದರಿಂದಲೇ ಒಂದು ಪ್ರಶ್ನೆ ಹುಟ್ಟಿತು. ಅಭ್ಯಾಸಕ್ಕೆ ಅವಕಾಶವಿಲ್ಲವಾದರೆ ಕೈ ಕಲಿಯುವುದು ಎಲ್ಲಿ? ಕಾಯಿದೆಯು ಇದಕ್ಕೆ ಉತ್ತರ ಹೇಳಲಿಲ್ಲ. ಅದು ಕೇಳಿದ್ದು ಗಣ್ಯರ ರುಜುವನ್ನು. ಅರ್ಜಿದಾರನ ಕೈಯನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಸೂಜಿ ಚುಚ್ಚುವ ಬಗೆ, ಅರಿವಳಿಕೆಯ ಪ್ರಮಾಣ, ಪ್ರಾಣಿಯನ್ನು ಹಿಡಿಯುವ ಕ್ರಮ ಎಲ್ಲವನ್ನೂ ಹೊಸಬನು ಹಿರಿಯರನ್ನು ನೋಡಿಯೇ ಕಲಿಯಬೇಕಾಗಿತ್ತು. ಹಿರಿಯರಲ್ಲಿ ದೋಷವಿದ್ದರೆ ಅದೂ ಅವನ ಪಾಲಿಗೆ ಬರುತ್ತಿತ್ತು. ಪಂಜರಗಳನ್ನು ತೊಳೆದು ಮೇವು ನೀರು ಕೊಡುತ್ತಿದ್ದ ಪರಿಚಾರಕರ ಶಿಕ್ಷಣದ ಬಗ್ಗೆಯಂತೂ ಕಾಯಿದೆಯಲ್ಲಿ ಮಾತೇ ಇರಲಿಲ್ಲ. ದಿನದ ಹೆಚ್ಚು ಹೊತ್ತನ್ನು ಆ ಜೀವಿಗಳೊಡನೆ ಕಳೆಯುತ್ತಿದ್ದವರು ಅವರೇ.

ಈ ಕೊರತೆಯನ್ನು ತುಂಬುವ ಯತ್ನ ಕಾನೂನಿನಿಂದಲ್ಲ, ಸ್ವಯಂಪ್ರೇರಿತ ಸಂಸ್ಥೆಗಳಿಂದ ಮೊದಲಾಯಿತು. ಮೇಜರ್ ಚಾರ್ಲ್ಸ್ ಹ್ಯೂಮ್ 1926ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಾಣಿಕಲ್ಯಾಣ ಸಂಘವನ್ನು ಸ್ಥಾಪಿಸಿದರು. ಮುಂದೆ ಅದೇ ಯೂನಿವರ್ಸಿಟೀಸ್ ಫೆಡರೇಷನ್ ಫಾರ್ ಆ್ಯನಿಮಲ್ ವೆಲ್ಫೇರ್ ಆಯಿತು. ಪ್ರಯೋಗಶಾಲೆಯ ಪ್ರಾಣಿಗಳ ವಸತಿ, ಆಹಾರ ಮತ್ತು ಆರೈಕೆಗಳನ್ನು ವಿವರಿಸುವ ಕೈಪಿಡಿಯೊಂದನ್ನು ಈ ಸಂಸ್ಥೆ 1947ರಲ್ಲಿ ಪ್ರಕಟಿಸಿತು. 1950ರಲ್ಲಿ ಪ್ರಾಣಿಪಾಲನಾ ತಂತ್ರಜ್ಞರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅವರಿಗಾಗಿ ಪಾಠಗಳೂ ಪರೀಕ್ಷೆಗಳೂ ಬಂದವು. ಹೀಗೆ ಪಂಜರ ತೊಳೆಯುವ ಕೆಲಸವು ಕಲಿತು ಮಾಡಬೇಕಾದ ವೃತ್ತಿಯಾಯಿತು.

ಹ್ಯೂಮ್‌ರ ಸಂಸ್ಥೆಯ ಆಶ್ರಯದಲ್ಲಿಯೇ ಅಧ್ಯಯನ ನಡೆಸಿದ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಎಂಬ ವಿದ್ವಾಂಸರು 1959ರಲ್ಲಿ ಒಂದು ಗ್ರಂಥವನ್ನು ಹೊರತಂದು ಮೂರು ಸೂತ್ರಗಳನ್ನು ಮುಂದಿಟ್ಟರು. ಪ್ರಾಣಿಯ ಬದಲು ಬೇರೆ ಸಾಧನವನ್ನು ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ಅನಿವಾರ್ಯವಾದಲ್ಲಿ ವೇದನೆಯನ್ನು ಕಡಿಮೆ ಮಾಡುವಂತೆ ವಿಧಾನವನ್ನು ಸಂಸ್ಕರಿಸುವುದು. ಈ ಮೂರನೆಯ ಸೂತ್ರವು ಕೈಯ ಶಿಕ್ಷಣವಿಲ್ಲದೆ ಈಡೇರದು. ಅಳುಕುವ ಕೈಯಲ್ಲಿನ ಸೂಜಿ ಎರಡು ಮೂರು ಬಾರಿ ಚುಚ್ಚುತ್ತದೆ. ಎರಡನೆಯ ಸೂತ್ರಕ್ಕೂ ಅದು ಬೇಕು. ಕೆಟ್ಟುಹೋದ ಪ್ರಯೋಗವನ್ನು ಮತ್ತೆ ಮಾಡಬೇಕಾದರೆ ಮತ್ತಷ್ಟು ಜೀವಗಳು ವ್ಯಯವಾಗುತ್ತವೆ.

1876ರ ಕಾಯಿದೆಯ ಸ್ಥಾನದಲ್ಲಿ ಹೊಸ ಕಾಯಿದೆ ಬರಲು 110 ವರ್ಷಗಳು ಬೇಕಾದವು. 1986ರ ಬ್ರಿಟಿಷ್ ಕಾಯಿದೆಯು ಪ್ರಯೋಗದ ಯೋಜನೆಗೆ ಒಂದು, ಅದನ್ನು ನಡೆಸುವ ವ್ಯಕ್ತಿಗೆ ಇನ್ನೊಂದು, ಹೀಗೆ ಪ್ರತ್ಯೇಕ ಪರವಾನಗಿಗಳನ್ನು ವಿಧಿಸಿತು. 1990ರ ದಶಕದಲ್ಲಿ ಹೊಸ ಅರ್ಜಿದಾರರಿಗೆ ತರಬೇತಿ ಕಡ್ಡಾಯವಾಯಿತು. ಯೂರೋಪಿನ ಒಕ್ಕೂಟವು 2010ರಲ್ಲಿ ಹೊರಡಿಸಿ 2013ರ ಜನವರಿ 1ರಿಂದ ಜಾರಿಗೆ ತಂದ ನಿರ್ದೇಶವು ಇನ್ನೂ ಮುಂದೆ ಹೋಯಿತು. ಪ್ರಯೋಗವನ್ನು ರೂಪಿಸುವವರು, ನಡೆಸುವವರು, ಪ್ರಾಣಿಗಳನ್ನು ಪಾಲಿಸುವವರು, ಅವುಗಳ ಪ್ರಾಣ ತೆಗೆಯುವವರು, ಈ ನಾಲ್ಕೂ ವರ್ಗದವರು ಶಿಕ್ಷಣ ಪಡೆದಿರಬೇಕು. ತಮ್ಮ ಸಾಮರ್ಥ್ಯವನ್ನು ಮಾಡಿ ತೋರಿಸುವವರೆಗೆ ಮೇಲ್ವಿಚಾರಣೆಯಲ್ಲಿಯೇ ಕೆಲಸ ಮಾಡಬೇಕು ಎಂದು ಅದು ವಿಧಿಸಿತು. ಬರೆದ ಉತ್ತರವಷ್ಟೇ ಸಾಲದೆಂದು, ಬಲ್ಲವರು ಪಕ್ಕದಲ್ಲಿ ನಿಂತು ಕೆಲಸವನ್ನು ಕಣ್ಣಾರೆ ಕಂಡು ತೀರ್ಮಾನಿಸುವ ಪದ್ಧತಿಯೂ ರೂಢಿಗೆ ಬಂದಿತು.

ಆದರೆ ಒಮ್ಮೆ ಉತ್ತೀರ್ಣವಾದ ಕೈ ಶಾಶ್ವತವಾಗಿ ನಿರ್ದೋಷಿಯಲ್ಲ. ಸುಂಡಿಲಿಗಳನ್ನು ಬಾಲ ಹಿಡಿದು ಎತ್ತುವುದು ಪ್ರಯೋಗಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ಗುರುಗಳು ಕಲಿಸಿದ್ದು ಅದನ್ನೇ. ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಬಾಲ ಹಿಡಿದರೆ ಆ ಜೀವಿ ಹೆಚ್ಚು ಭೀತಿಗೊಳ್ಳುತ್ತದೆ, ಕೊಳವೆಯೊಳಗೆ ಕರೆದೋ ಬೊಗಸೆಯಲ್ಲಿ ಕೂರಿಸಿಯೋ ಎತ್ತಿದರೆ ಮನುಷ್ಯನ ಕೈಗೆ ಅಷ್ಟಾಗಿ ಅಂಜುವುದಿಲ್ಲ ಎಂದು ತೋರಿಸಿತು. ಅದೇ ವರ್ಷ ಕೆನಡಾದ ಸಂಶೋಧಕರು ಸುಂಡಿಲಿಯ ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆಗಳ ಬದಲಾವಣೆಯಿಂದ ಅದರ ನೋವನ್ನು ಅಳೆಯುವ ಮಾನಕವನ್ನು ಪ್ರಕಟಿಸಿದರು. ಬಾಲ ಹಿಡಿಯುತ್ತಿದ್ದವರು ಕ್ರೂರಿಗಳಲ್ಲ; ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಆದರೆ ಇಲಿಗೆ ಆದ ಭಯವು ಅದರಿಂದ ಕಡಿಮೆಯಾಗಲಿಲ್ಲ.

1876ರ ಆ ಹಳೆಯ ಆಶಯವು ಭಾರತದ ಕಾನೂನಿನಲ್ಲಿಯೂ ಇದೆ. ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಕೇವಲ ಕೈಚಳಕಕ್ಕಾಗಿ ಪ್ರಯೋಗಗಳು ಸಾಧ್ಯವಾದಷ್ಟು ನಡೆಯಬಾರದು; ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಬೋಧನೆ ಸಾಧ್ಯವಾಗುವಲ್ಲಿ ಪ್ರಾಣಿಪ್ರಯೋಗವನ್ನೇ ಬಿಡಬೇಕು. ಕೈ ಕಲಿಯುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರದ ಆರಂಭ ಇಲ್ಲಿದೆ. ಮೊದಲು ಮಾದರಿಯಲ್ಲಿ, ಅನಂತರ ಬಲ್ಲವರ ಕಣ್ಗಾವಲಿನಲ್ಲಿ.

ತರಬೇತಿಯು ಪ್ರಯೋಗವನ್ನು ನಿರ್ದೋಷಗೊಳಿಸುವುದಿಲ್ಲ. ಈ ಪ್ರಯೋಗ ಬೇಕೇ ಎಂಬ ಪ್ರಶ್ನೆ ಎಂದಿಗೂ ಮೊದಲನೆಯದು, ಮತ್ತು ಎಷ್ಟು ಪಳಗಿದ ಕೈಯೂ ಅದಕ್ಕೆ ಉತ್ತರವಾಗಲಾರದು. ಆದರೆ ಪಳಗದ ಕೈಯಿಂದ ಒದಗುವ ನೋವು ಯಾವ ಉದ್ದೇಶಕ್ಕೂ ಸಲ್ಲದ ನೋವು. ಅದನ್ನು ತಪ್ಪಿಸುವುದು ಸಾಧ್ಯವಿದ್ದೂ ತಪ್ಪಿಸದಿದ್ದರೆ ಅದು ಪ್ರಮಾದ. ಪ್ರಯೋಗಶಾಲೆಯಲ್ಲಾಗಲಿ ಗೋಶಾಲೆಯಲ್ಲಾಗಲಿ, ಮೂಕಜೀವಿಯೊಂದನ್ನು ಕೆಲಸಗಾರನ ವಶಕ್ಕೆ ಒಪ್ಪಿಸುವವರು ಅವನ ಮನಸ್ಸು ಒಳ್ಳೆಯದೇ ಎಂದು ವಿಚಾರಿಸುವಂತೆಯೇ, ಅವನ ಕೈ ಏನನ್ನು ಕಲಿತಿದೆ ಎಂಬುದನ್ನೂ ವಿಚಾರಿಸುವುದು ಧರ್ಮ.