ಬಳ್ಳಾರಿ ಸೀಮೆಯ ರಸ್ತೆಗಳು ಮತ್ತು ಅವುಗಳ ಹಣಕಾಸು: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕರ್ನಾಟಕದ ಪ್ರಾದೇಶಿಕ ಇತಿಹಾಸದಲ್ಲಿ ರಸ್ತೆಗಳ ಅಧ್ಯಯನವು ಬಹುಮಟ್ಟಿಗೆ ಪ್ರಾಚೀನ ವ್ಯಾಪಾರ ಮಾರ್ಗಗಳು, ದಂಡಯಾತ್ರೆಯ ಹಾದಿಗಳು ಮತ್ತು ಶಾಸನೋಕ್ತ ಹೆದ್ದಾರಿಗಳಿಗೆ ಸೀಮಿತವಾಗಿದೆ. ರಸ್ತೆಗೆ ಹಣ ಎಲ್ಲಿಂದ ಬಂದಿತು, ಆ ಹಣವನ್ನು ಕೊಟ್ಟವರು ಯಾರು, ಅದರಿಂದ ಯಾವ ಊರಿಗೆ ದಾರಿಯಾಯಿತು, ಯಾವ ಊರು ಹಿಂದುಳಿಯಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಳೆದ ಒಂದೂವರೆ ಶತಮಾನದಲ್ಲಿ ಈ ಸೀಮೆಯ ರಸ್ತೆಗಳಿಗೆ ಭೂಕಂದಾಯದ ಮೇಲಿನ ಕರ, ಬರಪರಿಹಾರದ ಹಣ, ಪೆಟ್ರೋಲಿನ ಮೇಲಿನ ಸುಂಕ ಮತ್ತು ಅದಿರಿನ ರಾಜಧನ ಎಂಬ ನಾಲ್ಕು ಮುಖ್ಯ ಮೂಲಗಳಿಂದ ಹಣ ಒದಗಿದೆ. ಹಣದ ಮೂಲ ಬದಲಾದಾಗಲೆಲ್ಲ ರಸ್ತೆಯ ದಿಕ್ಕೂ ಬದಲಾಗಿದೆ. ಆದರೆ ಹೊಸ ರಸ್ತೆಗೆ ದೊರೆತಷ್ಟು ಹಣ ಇದ್ದ ರಸ್ತೆಯ ಪಾಲನೆಗೆ ಯಾವ ಕಾಲದಲ್ಲಿಯೂ ದೊರೆತಿಲ್ಲ.

ನೆಲದ ಗುಣ

ಬಳ್ಳಾರಿ ನಗರವು ಬೆಣಚುಕಲ್ಲಿನ ಬೆಟ್ಟಗಳ ನಡುವೆ ನಿಂತಿದೆ. ಅದರ ಉತ್ತರಕ್ಕೆ ಸುಮಾರು 55 ಕಿ.ಮೀ. ದೂರದಲ್ಲಿ ತುಂಗಭದ್ರೆಯ ಬಯಲಿನ ಸಿರುಗುಪ್ಪವಿದೆ. ಸಿಂದರ ಆಳ್ವಿಕೆಗೂ ದೊಡ್ಡಬಸವೇಶ್ವರ ದೇವಾಲಯಕ್ಕೂ ಹೆಸರಾದ ಕುರುಗೋಡು ಇವೆರಡಕ್ಕೂ ಪಶ್ಚಿಮಕ್ಕೆ ಸರಿದು, ಹೆದ್ದಾರಿಯಿಂದ ಒಳಗಾಗಿ ನೆಲೆಸಿದೆ. ಬೆಟ್ಟದ ಸಾಲು ದಾಟಿದರೆ ಈ ಪ್ರದೇಶವೆಲ್ಲ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲೆ ಹಾಸಿದ ಜಲ್ಲಿ ಬಹುಕಾಲ ಸ್ಥಿರವಾಗಿ ನಿಲ್ಲುವುದಿಲ್ಲ. ಬೇಸಗೆಯಲ್ಲಿ ಬಂಡಿಗಳು ಹೊಲದ ಮೇಲೆಯೇ ಹಾಯ್ದು ಹೋಗುತ್ತಿದ್ದವು. ಮಳೆಗಾಲದಲ್ಲಿ ಅಚ್ಚಿನವರೆಗೆ ಹೂತುಹೋಗುತ್ತಿದ್ದವು. ಗಾಲಿಗಿಂತ ಲಂಬಾಣಿಗರ ಹೇರೆತ್ತುಗಳೇ ಬಹುಕಾಲ ಇಲ್ಲಿಯ ಸರಕು ಸಾಗಣೆಗೆ ಆಧಾರವಾಗಿದ್ದುದಕ್ಕೆ ಇದೂ ಒಂದು ಕಾರಣ. ಎರೆಭೂಮಿಯಲ್ಲಿ ರಸ್ತೆ ಹಾಕುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ಮುಂದಿನ ಚರಿತ್ರೆಯನ್ನೆಲ್ಲ ಈ ಸಂಗತಿಯ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಭೂಕಂದಾಯದಿಂದ ರಸ್ತೆಕರದವರೆಗೆ

1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 'ದತ್ತ ಮಂಡಲ'ವೆಂದು ಕರೆಯಲಾದ ಈ ಭಾಗಕ್ಕೆ ಥಾಮಸ್ ಮನ್ರೋ 1807ರವರೆಗೆ ಮುಖ್ಯ ಕಲೆಕ್ಟರನಾಗಿದ್ದನು. ಆ ಕಾಲದ ಆಡಳಿತದ ಲಕ್ಷ್ಯವೆಲ್ಲ ಕಂದಾಯ ನಿಗದಿ ಮತ್ತು ವಸೂಲಿಯ ಮೇಲಿತ್ತು. ಬಳ್ಳಾರಿಯು ದಂಡಿನ ನೆಲೆಯಾದುದರಿಂದ ಸೇನೆಯ ಸಂಚಾರಕ್ಕೆ ಬೇಕಾದ ದಾರಿಗಳಿಗೆ ಮೊದಲ ಗಮನ ದೊರೆಯಿತು. ಮದ್ರಾಸ್ ಪ್ರಾಂತ್ಯದ ಸಾರ್ವಜನಿಕ ಕಾಮಗಾರಿಗಳನ್ನು ಪರಿಶೀಲಿಸಿದ ಆಯೋಗವು 1852ರ ತನ್ನ ವರದಿಯಲ್ಲಿ, ವಸೂಲಾಗುವ ಕಂದಾಯಕ್ಕೆ ಹೋಲಿಸಿದರೆ ರಸ್ತೆಗಳಿಗೆ ಆಗುತ್ತಿದ್ದ ವೆಚ್ಚ ತೀರ ಅಲ್ಪವೆಂಬುದನ್ನು ಬೆಳಕಿಗೆ ತಂದಿತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಭಾರತದ ಹತ್ತಿಗೆ ಬೇಡಿಕೆ ಹೆಚ್ಚಿತು. ಎರೆಭೂಮಿಯ ಹತ್ತಿಯನ್ನು ಬಂದರಿಗೆ ಮುಟ್ಟಿಸಲು ಉತ್ತಮ ದಾರಿಗಳು ಬೇಕಾದವು. 1866ರ ಮದ್ರಾಸ್ ಜಿಲ್ಲಾ ರಸ್ತೆ ಕಾಯಿದೆಯು ಭೂಕಂದಾಯದ ಪ್ರತಿ ರೂಪಾಯಿಗೆ ಗರಿಷ್ಠ ಅರ್ಧ ಆಣೆಯಂತೆ ರಸ್ತೆಕರವನ್ನು ವಿಧಿಸಲು ಅವಕಾಶ ನೀಡಿತು. 1871ರ ಸ್ಥಳೀಯ ನಿಧಿ ಕಾಯಿದೆಯಿಂದ ಈ ವ್ಯವಸ್ಥೆ ವಿಸ್ತಾರಗೊಂಡು, ರಸ್ತೆಯ ಜೊತೆಗೆ ಶಾಲೆ, ಆಸ್ಪತ್ರೆ, ನೈರ್ಮಲ್ಯಗಳೂ ಅದೇ ನಿಧಿಯ ಪಾಲುದಾರರಾದವು. 1884ರ ಸ್ಥಳೀಯ ಮಂಡಳಿಗಳ ಕಾಯಿದೆಯು ಜಿಲ್ಲಾ ಬೋರ್ಡು ಹಾಗೂ ತಾಲ್ಲೂಕು ಬೋರ್ಡುಗಳನ್ನು ಸ್ಥಾಪಿಸಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕರ ಕೊಟ್ಟವನು ಹೊಲದ ರೈತ. ರಸ್ತೆಯು ಮೊದಲು ಸೇರಿಸಿದ್ದು ದಂಡು, ಪೇಟೆ ಮತ್ತು ರೈಲ್ವೆ ನಿಲ್ದಾಣಗಳನ್ನು. ನಗರದೊಳಗಿನ ಬೀದಿಗಳ ಹೊಣೆ ಮಾತ್ರ 1865ರ ಪಟ್ಟಣ ಸುಧಾರಣಾ ಕಾಯಿದೆಯ ಬಳಿಕ ರೂಪುಗೊಂಡ ಪುರಸಭೆಗೆ ಸೇರಿತು. ಹೀಗೆ ಊರೊಳಗಿನ ರಸ್ತೆ ಮತ್ತು ಊರಾಚೆಯ ರಸ್ತೆಗಳಿಗೆ ಬೇರೆಬೇರೆ ಬೊಕ್ಕಸಗಳಾದವು. ಈ ವಿಭಜನೆ ಇಂದಿಗೂ ಮುಂದುವರಿದಿದೆ.

ಬರ ಮತ್ತು ರಸ್ತೆ

1876-78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತ್ಯಂತ ಪೀಡಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಈ ಸೀಮೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಇಳಿದುದು ಕಂಡುಬರುತ್ತದೆ. ಹಸಿದವರಿಗೆ ಅನ್ನ ಬೇಕಾದರೆ ಕೆಲಸ ಮಾಡಬೇಕೆಂಬುದು ಸರ್ಕಾರದ ನಿಯಮ. ಆ ಕೆಲಸಗಳಲ್ಲಿ ಮುಖ್ಯವಾದುದು ಕಲ್ಲು ಒಡೆದು ರಸ್ತೆಗೆ ಹಾಸುವುದು. ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದನು. ಪ್ರಾಂತ್ಯದ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ದುಡಿಮೆಗೆ ಆ ಆಹಾರ ಸಾಲದೆಂದು ಅವನು ವಾದಿಸಿದ ಮೇಲೆ, ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಲಾಯಿತು.

1880ರ ಕ್ಷಾಮ ಆಯೋಗದ ವರದಿಯ ನಂತರ ರೂಪುಗೊಂಡ ಕ್ಷಾಮ ಸಂಹಿತೆಗಳು, ಬರ ಬಂದೊಡನೆ ಆರಂಭಿಸಬಹುದಾದ ಕಾಮಗಾರಿಗಳ ಪಟ್ಟಿಯನ್ನು ಸಿದ್ಧವಾಗಿಡಬೇಕೆಂದು ವಿಧಿಸಿದವು. ಇದರಿಂದ ರಸ್ತೆಯು ಸಂಚಾರದ ಅಗತ್ಯಕ್ಕಿಂತ ಪರಿಹಾರದ ಅಗತ್ಯಕ್ಕೆ ತಕ್ಕಂತೆ ಆರಂಭವಾಗುವ ಪರಿಪಾಠ ಬೆಳೆಯಿತು. ಬರ ಮುಗಿದಾಗ ಹಣವೂ ನಿಲ್ಲುತ್ತಿತ್ತು. ಅರ್ಧ ಮುಗಿದ ದಿಣ್ಣೆ, ಮೋರಿಯಿಲ್ಲದ ಹಳ್ಳ, ಜಲ್ಲಿ ಕಾಣದ ಮಣ್ಣುದಾರಿ ಇಂತಹ ವ್ಯವಸ್ಥೆಯ ಸಹಜ ಪರಿಣಾಮಗಳು. ಆಪತ್ತಿನ ಹಣದಿಂದ ಹುಟ್ಟಿದ ರಸ್ತೆಗೆ ಸಾಮಾನ್ಯ ಕಾಲದಲ್ಲಿ ಯಜಮಾನನಿರುವುದಿಲ್ಲ ಎಂಬ ಪಾಠ ಇಲ್ಲಿಂದಲೇ ದೊರೆಯುತ್ತದೆ.

ಮೋಟಾರು ಯುಗ ಮತ್ತು ರಾಜ್ಯ ಬದಲಾವಣೆ

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆ ಭೂಕರವೊಂದರಿಂದಲೇ ರಸ್ತೆಗಳನ್ನು ನಡೆಸುವುದು ಅಸಾಧ್ಯವಾಯಿತು. ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1929ರಲ್ಲಿ ಪೆಟ್ರೋಲಿನ ಮೇಲಿನ ಹೆಚ್ಚುವರಿ ಸುಂಕದಿಂದ ಕೇಂದ್ರ ರಸ್ತೆ ನಿಧಿ ಸ್ಥಾಪಿತವಾಯಿತು. ಮದ್ರಾಸ್ ಪ್ರಾಂತ್ಯದಲ್ಲಿ 1931ರ ಮೋಟಾರು ವಾಹನ ತೆರಿಗೆ ಕಾಯಿದೆಯು ಹಳೆಯ ಸುಂಕದ ಕಟ್ಟೆಗಳ ಸ್ಥಾನದಲ್ಲಿ ಬಂದಿತು. ರಸ್ತೆಯನ್ನು ಸವೆಸುವವನೇ ಅದಕ್ಕೆ ಹಣ ಕೊಡಬೇಕೆಂಬ ತತ್ತ್ವವು ಹೀಗೆ ಅಂಗೀಕೃತವಾಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರಿಗೂ ಸೇರಿದವು. ಭಾಷಾದೃಷ್ಟಿಯಿಂದ ಇದು ಕನ್ನಡಿಗರ ದೀರ್ಘ ಹೋರಾಟದ ಫಲ. ಆದರೆ ಅಲ್ಲಿಯವರೆಗೆ ಗುಂತಕಲ್ಲು, ಆದವಾನಿಗಳ ಮೂಲಕ ಮದ್ರಾಸಿನತ್ತ ಮುಖ ಮಾಡಿದ್ದ ರಸ್ತೆಗಳು ಈಗ ದಕ್ಷಿಣಕ್ಕೆ, ಬೆಂಗಳೂರಿನ ಕಡೆಗೆ ತಿರುಗಬೇಕಾಯಿತು. ಶ್ರೀರಂಗಪಟ್ಟಣದಿಂದ ಹಿರಿಯೂರು, ಬಳ್ಳಾರಿ, ಸಿರುಗುಪ್ಪ, ಸಿಂಧನೂರುಗಳ ಮೂಲಕ ಉತ್ತರಕ್ಕೆ ಸಾಗುವ ರಾಜ್ಯ ಹೆದ್ದಾರಿಯ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಇದೇ ಮಾರ್ಗದ ಬಹುಭಾಗ ಈಗ ರಾಷ್ಟ್ರೀಯ ಹೆದ್ದಾರಿ 150ಎ ಆಗಿದೆ.

1953ರಲ್ಲಿಯೇ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯತೊಡಗಿತು. ಜೋಳ, ಹತ್ತಿಗಳ ಸಿರುಗುಪ್ಪ ಭತ್ತದ ನಾಡಾಯಿತು. ಅಕ್ಕಿ ಗಿರಣಿಗಳು ಎದ್ದವು. ಭತ್ತದ ಲಾರಿಯ ಭಾರ ಒಂದೆಡೆ, ಕಾಲುವೆಯ ಜಿನುಗಿನಿಂದ ಸದಾ ತೇವಗೊಂಡ ಎರೆಮಣ್ಣಿನ ತಳಪಾಯ ಇನ್ನೊಂದೆಡೆ. ಹೀಗೆ ನೀರಾವರಿಯ ಸಂಪತ್ತೇ ರಸ್ತೆಯ ಆಯುಷ್ಯವನ್ನು ಕುಂದಿಸಿತು. ಇದೇ ವೇಳೆಗೆ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯು ಜಿಲ್ಲಾ ಬೋರ್ಡುಗಳನ್ನು ಕೊನೆಗೊಳಿಸಿತು. ಜಿಲ್ಲಾ ಮಟ್ಟದಲ್ಲಿ ಉಳಿದದ್ದು ಸಲಹೆ ನೀಡುವ ಪರಿಷತ್ತು ಮಾತ್ರ. ಸ್ವಂತ ಆದಾಯವಿದ್ದು ರಸ್ತೆ ನೋಡಿಕೊಳ್ಳುತ್ತಿದ್ದ ಜಿಲ್ಲೆಯ ಸಂಸ್ಥೆ ಇಲ್ಲವಾಯಿತು. ಅಂದಿನಿಂದ ರಸ್ತೆಯ ಹಣವೆಂದರೆ ರಾಜಧಾನಿಯಿಂದ ಮಂಜೂರಾಗಿ ಬರುವ ಅನುದಾನವೆಂಬ ಭಾವನೆ ಬೇರೂರಿತು.

ಅದಿರಿನ ಕಾಲ

2003ರ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆ ಮತ್ತು ಬಳ್ಳಾರಿ ಗಣಿಸಾಲುಗಳಿಂದ ಲಾರಿಗಳು ಸಾಲುಗಟ್ಟಿ ಪೂರ್ವ ಹಾಗೂ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹೊರಟವು. ವಾಹನದ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬುದು ರಸ್ತೆ ತಂತ್ರಜ್ಞಾನದಲ್ಲಿ ಒಪ್ಪಿತವಾದ ಲೆಕ್ಕ. ಮಿತಿಮೀರಿ ತುಂಬಿದ ಲಾರಿಯೊಂದು ಕಟ್ಟುತ್ತಿದ್ದ ತೆರಿಗೆಗೂ ಅದು ಮಾಡುತ್ತಿದ್ದ ಹಾನಿಗೂ ಯಾವ ಪ್ರಮಾಣವೂ ಇರಲಿಲ್ಲ. 1931ರಲ್ಲಿ ಅಂಗೀಕೃತವಾದ ತತ್ತ್ವ ಇಲ್ಲಿ ಸಂಪೂರ್ಣ ವಿಫಲವಾಯಿತು. ಕೆಂಪು ಧೂಳು, ಗುಂಡಿ ಬಿದ್ದ ಹೆದ್ದಾರಿ, ಅಪಘಾತಗಳು ಆ ವರ್ಷಗಳ ಬಳ್ಳಾರಿಯ ನಿತ್ಯಚಿತ್ರವಾದವು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ಅಕ್ರಮ ಗಣಿಗಾರಿಕೆಯೊಂದಿಗೆ ಮಿತಿಮೀರಿದ ಭಾರದ ಸಾಗಣೆಯನ್ನೂ ಬಯಲಿಗೆಳೆದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು.

ಈ ದುರಂತದಿಂದಲೇ ಹೊಸ ನಿಧಿಗಳು ಹುಟ್ಟಿದವು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. 2015ರ ಗಣಿ ಕಾಯಿದೆ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗುತ್ತಿಗೆಗಳು ರಾಜಧನದ ಶೇ. 30ರಷ್ಟನ್ನೂ ಹರಾಜಿನ ಗುತ್ತಿಗೆಗಳು ಶೇ. 10ರಷ್ಟನ್ನೂ ಈ ನಿಧಿಗೆ ಹೆಚ್ಚುವರಿಯಾಗಿ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮೊದಲಾದ ಆದ್ಯತೆಯ ಕ್ಷೇತ್ರಗಳಿಗೆ ಕನಿಷ್ಠ ಶೇ. 60, ರಸ್ತೆ, ಸೇತುವೆ, ನೀರಾವರಿ ಮೊದಲಾದವಕ್ಕೆ ಉಳಿದ ಶೇ. 40 ಎಂಬುದು ಮೊದಲ ಮಾರ್ಗಸೂಚಿ. 2024ರ ಪರಿಷ್ಕರಣೆಯು ಆದ್ಯತೆಯ ಪಾಲನ್ನು ಶೇ. 70ಕ್ಕೆ ಏರಿಸಿ, ಗಣಿಗೆ ಸಮೀಪದ ಪ್ರದೇಶಗಳಿಗೆ ಮೊದಲ ಹಕ್ಕನ್ನು ಸ್ಪಷ್ಟಪಡಿಸಿತು. ಇದರೊಂದಿಗೆ ಸಂವಿಧಾನದ 371ಜೆ ವಿಧಿಯ ಅನ್ವಯ 2013ರಲ್ಲಿ ಸ್ಥಾಪಿತವಾಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೆಂದು ಹೆಸರಾದ ಸಂಸ್ಥೆಯ ಅನುದಾನ, ನಗರೋತ್ಥಾನ ಯೋಜನೆ ಮತ್ತು ಹಣಕಾಸು ಆಯೋಗದ ಅನುದಾನಗಳೂ ಸೇರಿದವು.

ಮೂರು ಊರುಗಳ ಸ್ಥಿತಿ

2011ರ ಜನಗಣತಿಯ ವೇಳೆಗೆ ನಾಲ್ಕು ಲಕ್ಷ ಜನಸಂಖ್ಯೆಯನ್ನು ದಾಟಿದ್ದ ಬಳ್ಳಾರಿಗೆ ಮಹಾನಗರ ಪಾಲಿಕೆಯಿದೆ. ಅದರೊಳಗಿನ ಒಂದು ರಸ್ತೆ ಪಾಲಿಕೆಯದು, ಮತ್ತೊಂದು ಲೋಕೋಪಯೋಗಿ ಇಲಾಖೆಯದು, ಇನ್ನೊಂದು ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು. ಹಣ ಬರುವ ಬಾಗಿಲುಗಳು ಹೆಚ್ಚಿದಷ್ಟೂ ಹೊಣೆ ಹಂಚಿಹೋಗುತ್ತದೆ. ಡಾಂಬರು ಹಾಕಿದ ಮೇಲೆ ಒಳಚರಂಡಿಗೆ ಅಗೆಯುವುದು ಇದರ ಸಾಮಾನ್ಯ ಲಕ್ಷಣ. ಸಿರುಗುಪ್ಪವು ಗಣಿಸಾಲಿನಿಂದ ಬಹುದೂರವಿರುವುದರಿಂದ ಖನಿಜ ನಿಧಿಯಲ್ಲಿ ಅದರ ಹಕ್ಕು ದುರ್ಬಲ. ಆದರೆ 2009ರ ನೆರೆಯಂತಹ ಆಪತ್ತು ಮತ್ತು ಭತ್ತದ ಸಾಗಣೆ ಅದರ ರಸ್ತೆಗಳ ಮೇಲೆ ಹೇರುವ ಭಾರ ಕಡಿಮೆಯದಲ್ಲ. ಬಳ್ಳಾರಿ ತಾಲ್ಲೂಕಿನ ಭಾಗವಾಗಿದ್ದು ಸ್ವತಂತ್ರ ತಾಲ್ಲೂಕಾದ ಕುರುಗೋಡಿಗೆ ಆಡಳಿತದ ಸ್ಥಾನವೇನೋ ಬಂದಿದೆ. ಆ ಸ್ಥಾನಕ್ಕೆ ಅರ್ಥ ಬರುವುದು ಸುತ್ತಲಿನ ಹಳ್ಳಿಗಳಿಂದ ಅಲ್ಲಿಗೆ ಮಳೆಗಾಲದಲ್ಲಿಯೂ ನೆಚ್ಚಬಹುದಾದ ದಾರಿಗಳಿದ್ದಾಗ ಮಾತ್ರ. 2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟ ನಂತರ ಐದು ತಾಲ್ಲೂಕುಗಳಿಗೆ ಇಳಿದ ಬಳ್ಳಾರಿ ಜಿಲ್ಲೆಯಲ್ಲಿ ಸಂಡೂರಿನ ಗಣಿಗಳು ಉಳಿದಿವೆ. ಅದರಿಂದ ನಿಧಿಯೂ ಉಳಿದಿದೆ.

ಉಪಸಂಹಾರ

ಒಟ್ಟಿನಲ್ಲಿ ಈ ಸೀಮೆಯ ರಸ್ತೆಗಳ ಚರಿತ್ರೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಮೊದಲನೆಯದು, ಕೊಟ್ಟವರಿಗೂ ಪಡೆದವರಿಗೂ ಇಲ್ಲಿ ಹೊಂದಾಣಿಕೆ ಕಡಿಮೆ. ರೈತನ ಕರ ದಂಡಿನ ದಾರಿಗೆ ಹೋಯಿತು. ಹಸಿದವನ ಬೆವರು ಸರ್ಕಾರದ ಜಲ್ಲಿಯಾಯಿತು. ಅದಿರಿನ ಧೂಳು ಕುಡಿದ ಹಳ್ಳಿಯ ಹೆಸರಿನಲ್ಲಿ ಸಂಗ್ರಹವಾದ ಹಣವು ದೂರದ ರಸ್ತೆಯ ಡಾಂಬರಿಗೆ ಕರಗದಂತೆ ನೋಡಿಕೊಳ್ಳುವುದು ಆದ್ದರಿಂದ ನ್ಯಾಯದ ಪ್ರಶ್ನೆ. ಸಿರುಗುಪ್ಪ, ಕುರುಗೋಡುಗಳ ರಸ್ತೆಗಳಿಗೆ ಅವುಗಳದೇ ಆದ ಹಕ್ಕಿದೆ. ಆ ಹಕ್ಕನ್ನು ಪ್ರಾದೇಶಿಕ ಮಂಡಳಿ ಮತ್ತು ರಾಜ್ಯದ ಆಯವ್ಯಯಗಳಿಂದ ಪೂರೈಸಬೇಕೇ ವಿನಾ ಗಣಿಬಾಧಿತರ ಪಾಲಿನಿಂದಲ್ಲ. ಎರಡನೆಯದು, ಭೂಕರದಂತಹ ಸಣ್ಣ ಆದರೆ ನಿರಂತರವಾದ ಆದಾಯವೇ ಪಾಲನೆಗೆ ಆಧಾರ. ಅದಿರು ಒಂದು ದಿನ ಮುಗಿಯುವ ವಸ್ತು. ಎರೆಭೂಮಿಯ ರಸ್ತೆಗೆ ಮಾತ್ರ ಪ್ರತಿ ಮಳೆಗಾಲದ ನಂತರವೂ ಜಲ್ಲಿ ಬೇಕು. ಖನಿಜ ನಿಧಿ ಹರಿದು ಬರುತ್ತಿರುವಾಗಲೇ ಆಸ್ತಿ ತೆರಿಗೆ ಮತ್ತು ವಾಹನ ತೆರಿಗೆಯ ಒಂದು ನಿಶ್ಚಿತ ಪಾಲನ್ನು ಪಾಲನೆಗೆಂದು ಕಾಯ್ದಿರಿಸುವ ವ್ಯವಸ್ಥೆಯನ್ನು ಈ ಮೂರು ಊರುಗಳು ಪಡೆಯದಿದ್ದರೆ, ಬರ ಮುಗಿದ ಮೇಲೆ ಅನಾಥವಾಗಿ ಬಿದ್ದ ಹತ್ತೊಂಬತ್ತನೆಯ ಶತಮಾನದ ದಿಣ್ಣೆಗಳ ಕಥೆ ಕಾಂಕ್ರೀಟಿನಲ್ಲಿ ಮರುಕಳಿಸುವ ಸಂಭವವಿದೆ.