ಹಾಂಗ್‌ಕಾಂಗ್‌ನಲ್ಲಿ ಮಲಗಿರುವ ಹೈದರಾಬಾದಿನ ಕ್ಯಾಪ್ಟನ್

ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿಯವರ ಹೆಸರು ಕೇಳಿದ್ದೀರಾ? ನಿಮ್ಮಲ್ಲಿ ಅನೇಕರು ನೆಲೆಸಿರುವ ಹೈದರಾಬಾದಿನವರು. ಬ್ರಿಟಿಷ್ ಭಾರತೀಯ ಸೇನೆಯ 7ನೇ ರಜಪೂತ ರೆಜಿಮೆಂಟಿನ ಅಧಿಕಾರಿ. 1941ರ ಡಿಸೆಂಬರ್ 25ರಂದು ಹಾಂಗ್‌ಕಾಂಗ್ ಜಪಾನೀಯರ ವಶವಾದಾಗ ಸೆರೆಸಿಕ್ಕರು.

ಇವರು ಸಂಸ್ಥಾನದ ದೊರೆಯ ಬಂಧು ಎಂದು ತಿಳಿದದ್ದೇ ತಡ, ಬ್ರಿಟಿಷರ ಪಕ್ಷ ಬಿಟ್ಟು ಭಾರತೀಯ ಸೈನಿಕರಲ್ಲಿ ಒಡಕು ಹುಟ್ಟಿಸುವಂತೆ ಜಪಾನೀಯರು ಒತ್ತಾಯಿಸಿದರು. ಅನ್ಸಾರಿ ಒಪ್ಪಲಿಲ್ಲ. 1942ರ ಮೇನಲ್ಲಿ ಸ್ಟ್ಯಾನ್ಲಿ ಜೈಲಿಗೆ ತಳ್ಳಿ, ಉಪವಾಸ ಕೆಡವಿ, ಚಿತ್ರಹಿಂಸೆ ಕೊಟ್ಟರು. ಶಿಬಿರಕ್ಕೆ ಮರಳಿದ ಮೇಲೂ ಅವರು ಸುಮ್ಮನಿರಲಿಲ್ಲ. ಕೈದಿಗಳು ತಪ್ಪಿಸಿಕೊಳ್ಳಲು ನೆರವಾದರು. ಮತ್ತೆ ಜೈಲು, ಮತ್ತೆ ಹಿಂಸೆ. 1943ರ ಅಕ್ಟೋಬರ್ 29ರಂದು 30ಕ್ಕೂ ಹೆಚ್ಚು ಮಂದಿಯೊಡನೆ ಅವರನ್ನೂ ಕೊಂದರು.

1946ರಲ್ಲಿ ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಸಮಾಧಿ ಸ್ಟ್ಯಾನ್ಲಿಯಲ್ಲೇ ಇದೆ. ಒಂದು ‘ಹೂಂ’ ಅಂದಿದ್ದರೆ ಆ ಹಿಂಸೆ ತಪ್ಪುತ್ತಿತ್ತೇನೋ; ಅನ್ನಲಿಲ್ಲ. ಅಕ್ಟೋಬರ್ 29 ಬಂದಾಗ ಅವರನ್ನೊಮ್ಮೆ ನೆನೆಯುತ್ತೀರಲ್ಲವೇ?