ಹಣೆಯ ಬರಹವೂ ಕಡತದ ಬರಹವೂ

ಹಣೆಯಲ್ಲಿ ಬರೆದುದನ್ನು ಅಳಿಸಲಾಗದೆಂಬುದು ನಮ್ಮ ಜನರ ಹಳೆಯ ನಂಬುಗೆ. ಆದರೆ ವಿಧಿಯಲ್ಲದೆ ಮನುಷ್ಯನೇ ಮನುಷ್ಯನ ಹಣೆಯಲ್ಲಿ ಬರೆದ ಕಾಲವೂ ಒಂದಿದ್ದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಬಂಗಾಳ ಪ್ರಾಂತದಲ್ಲಿ ಕೆಲವು ಬಗೆಯ ಅಪರಾಧಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುವ ನಿಯಮವನ್ನು ಜಾರಿಗೆ ತಂದಿತು. 1849ರಲ್ಲಿ ಈ ಪದ್ಧತಿಯು ರದ್ದಾಯಿತು. ಹಣೆಯ ಅಕ್ಷರವು ಹೋಯಿತು. ಆದರೆ ಅದರ ಕೆಲಸವನ್ನು ಠಾಣೆಯ ಕಡತವು ವಹಿಸಿಕೊಂಡಿತು. ವಿದ್ಯಾರ್ಥಿಯಾದವನು ಓದನ್ನು ಮುಗಿಸಿ ಉದ್ಯೋಗಕ್ಕೆ ಅರ್ಜಿ ಬರೆಯುವಾಗ, 'ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ನಡೆದಿದೆಯೆ?' ಎಂಬ ಪ್ರಶ್ನೆಯ ಎದುರಿಗೆ ಲೇಖನಿಯನ್ನು ಹಿಡಿದು ನಿಲ್ಲುವುದು ಈ ಕಡತದ ದೆಸೆಯಿಂದಲೇ.

ಹುಡುಗನ ತಪ್ಪನ್ನು ವಯಸ್ಕನ ತಪ್ಪಿನಿಂದ ಬೇರ್ಪಡಿಸಬೇಕೆಂಬ ವಿಚಾರವು ನಮ್ಮಲ್ಲಿ ಮೆಲ್ಲಮೆಲ್ಲನೆ ಬೆಳೆಯಿತು. 1850ರ ಕಾಯಿದೆಯು ಬಡ ಮಕ್ಕಳನ್ನೂ ಸಣ್ಣ ಅಪರಾಧ ಮಾಡಿದ ಮಕ್ಕಳನ್ನೂ ಕಸುಬು ಕಲಿಯಲು ಕಳುಹಿಸಬಹುದೆಂದಿತು. 1876ರಲ್ಲಿ ಸುಧಾರಣಾ ಶಾಲೆಗಳ ಕಾಯಿದೆ ಬಂದು, 1897ರಲ್ಲಿ ಪರಿಷ್ಕೃತವಾಯಿತು. 1920ರಲ್ಲಿ ಮದರಾಸು, 1922ರಲ್ಲಿ ಬಂಗಾಳ, 1924ರಲ್ಲಿ ಮುಂಬಯಿ ಪ್ರಾಂತಗಳು ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯಿದೆಗಳನ್ನು ಮಾಡಿದುವು. ಇವುಗಳ ಮುಖ್ಯ ಚಿಂತೆಯು ಹುಡುಗನನ್ನು ಸೆರೆಮನೆಯಿಂದ ದೂರವಿಡುವುದಾಗಿದ್ದಿತು. ಆತನು ಹೊರಗೆ ಬಂದ ಬಳಿಕ ಅವನ ಹೆಸರಿಗೆ ಅಂಟಿಕೊಳ್ಳುವ ಕಲಂಕದ ಚಿಂತೆಯು ಬಲವಾದುದು ಸ್ವಾತಂತ್ರ್ಯಾನಂತರದಲ್ಲಿ.

ಇಡೀ ದೇಶಕ್ಕೆ ಏಕರೂಪವಾಗಿ 1986ರಲ್ಲಿ ಬಂದ ಬಾಲನ್ಯಾಯ ಕಾಯಿದೆಯು, ಬಾಲಕನ ಅಪರಾಧವು ಅವನ ಮುಂದಿನ ಬಾಳಿಗೆ ಅನರ್ಹತೆಯಾಗಕೂಡದೆಂದು ವಿಧಿಸಿತು. 2000ದ ಕಾಯಿದೆಯು ಬಾಲ್ಯದ ಮಿತಿಯನ್ನು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ 18 ವರ್ಷಕ್ಕೆ ಏರಿಸಿ, ಆ ದಾಖಲೆಯನ್ನೇ ತೆಗೆದುಹಾಕಬೇಕೆಂದಿತು. 2015ರ ಕಾಯಿದೆಯು ಇನ್ನೂ ಮುಂದೆ ಹೋಗಿ, 'ಹೊಸ ಆರಂಭ'ವನ್ನು ಒಂದು ಮೂಲತತ್ತ್ವವೆಂದೇ ಸಾರಿತು. ಅದರ 24ನೆಯ ಕಲಮಿನ ಪ್ರಕಾರ ದಾಖಲೆಯನ್ನು ಗೊತ್ತಾದ ಅವಧಿಯ ತರುವಾಯ ನಾಶಪಡಿಸತಕ್ಕದ್ದು. 74ನೆಯ ಕಲಮಿನ ಪ್ರಕಾರ, ಮುಗಿದುಹೋದ ಪ್ರಕರಣವನ್ನು ಪೋಲೀಸರು ನಡತೆಯ ಪ್ರಮಾಣಪತ್ರಕ್ಕಾಗಿಯೂ ಹೊರಗೆಡಹಕೂಡದು. ಹದಿನಾರು ತುಂಬಿ, ಘೋರಾಪರಾಧಕ್ಕಾಗಿ ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆನಿಸಿದವನಿಗೆ ಮಾತ್ರ ದಾಖಲೆ ನಾಶದ ಈ ರಿಯಾಯಿತಿಯಿಲ್ಲ.

ಹೀಗೆ ಹದಿನೇಳರ ಹುಡುಗನಿಗೆ ಕಾಯಿದೆಯು ತಾಯಿಯಂತೆ ಮರೆವನ್ನು ದಯಪಾಲಿಸಿದೆ. ಆದರೆ ಹತ್ತೊಂಬತ್ತರವನ ಪಾಡೇನು? ಅವನೂ ಅದೇ ಕಾಲೇಜಿನ ಬೆಂಚಿನ ಮೇಲೆ ಕುಳಿತವನು, ಬಿಸಿರಕ್ತವೂ ಅದೇ. ಇಂತಹವನಿಗೆ ಇರುವ ಆಸರೆಯು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ನ್ಯಾಯಾಲಯವು ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡೋ ಬಿಟ್ಟವನಿಗೆ ಅದರ 12ನೆಯ ಕಲಮು ಅನರ್ಹತೆಯನ್ನು ನೀಗುತ್ತದೆ. ಆದರೆ ಅಪರಾಧ ನಿರ್ಣಯವೇ ಅದರಿಂದ ಅಳಿಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ 1974ರ ಕಾಯಿದೆಯಂತೆ, ನಿಯಮಿತ ವರ್ಷಗಳು ಕಳೆದರೆ ಬಹುಪಾಲು ಸಣ್ಣ ಶಿಕ್ಷೆಗಳು ಸವೆದುಹೋದುವೆಂದು ಎಣಿಕೆ. ವಯಸ್ಕರಿಗೆ ಅಂತಹ ಸಾಮಾನ್ಯ ಕಾಯಿದೆಯು ನಮ್ಮಲ್ಲಿಲ್ಲ.

ಈ ಕೊರತೆಯನ್ನು ನ್ಯಾಯಮೂರ್ತಿಗಳು ತಮ್ಮ ವಿವೇಕದಿಂದ ಕೆಲಮಟ್ಟಿಗೆ ತುಂಬಿದ್ದಾರೆ. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಹೊಡೆದಾಟದ ಮೊಕದ್ದಮೆಗೆ ಸಿಕ್ಕಿ, ರಾಜಿಯಾಗಿ ಬಿಡುಗಡೆ ಹೊಂದಿದ ತರುಣನೊಬ್ಬನು ದೆಹಲಿಯ ಪೋಲೀಸು ಇಲಾಖೆಗೆ ಅರ್ಜಿ ಹಾಕುವಾಗ ಅದನ್ನು ಬರೆಯದೆ ಬಿಟ್ಟಿದ್ದನು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ ಪರವಾಗಿ ತೀರ್ಪಿತ್ತಿತು. ಆ ತೀರ್ಪಿನಲ್ಲಿ, ರೊಟ್ಟಿ ಕದ್ದ ತಪ್ಪಿಗೆ ಬಾಳೆಲ್ಲ ಕಳ್ಳನೆನಿಸಿದ ವಿಕ್ಟರ್ ಹ್ಯೂಗೋವಿನ ಕಥಾನಾಯಕನ ನೆನಪಿದೆ. 1970ರಲ್ಲಿ ತಮ್ಮ ನುಡಿಗಾಗಿ ಲಂಡನ್ನಿನ ನ್ಯಾಯಾಲಯದೊಳಗೆ ನುಗ್ಗಿ ಮೂರು ತಿಂಗಳ ಸೆರೆಗೆ ಗುರಿಯಾದ ವೇಲ್ಸ್ ದೇಶದ ವಿದ್ಯಾರ್ಥಿಗಳನ್ನು ಲಾರ್ಡ್ ಡೆನಿಂಗರ ಪೀಠವು ಬಿಡಿಸಿದ ಪ್ರಸ್ತಾಪವೂ ಇದೆ. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಕೇಳಿದ ಮಾತಿಗೆ ನಿಜವನ್ನೇ ಬರೆಯಬೇಕೆಂದು ಕಟ್ಟುಮಾಡಿತು. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ತಪ್ಪನ್ನು ಬರೆಯದೆ ಬಿಟ್ಟಿದ್ದರೂ ಉದ್ಯೋಗದಾತನು ಅದನ್ನು ಮನ್ನಿಸಬಹುದೆಂದಿತು. 'ಮನ್ನಿಸಬಹುದು' ಎಂಬಲ್ಲಿಯೇ ತೊಡಕು. ಹದಿನೇಳರವನಿಗೆ ಹಕ್ಕಾಗಿರುವುದು ಹತ್ತೊಂಬತ್ತರವನಿಗೆ ಇನ್ನೊಬ್ಬರ ದಾಕ್ಷಿಣ್ಯವಾಗಿ ಉಳಿದಿದೆ.

ಓದುವ ಮಕ್ಕಳಿರುವ ಮನೆಗಳಲ್ಲಿ ಇಂತಹ ಪ್ರಸಂಗ ಬಂದರೆ, ಹಿರಿಯರು ಅಪಮಾನದಿಂದ ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. ಬಾಲನ್ಯಾಯ ಮಂಡಲಿಯು ದಾಖಲೆಯ ನಾಶಕ್ಕೆ ಆಜ್ಞೆ ಮಾಡಿತೆ, ಆ ಆಜ್ಞೆಯು ಠಾಣೆಗೆ ತಲುಪಿತೆ ಎಂದು ವಿಚಾರಿಸುವವರು ವಿರಳ. ವಿಚಾರಿಸುವುದು ನಾಚಿಕೆಯ ಮಾತಲ್ಲ. ಕಡತವನ್ನು ಅಳಿಸುವುದು ಸರಕಾರದ ಕೆಲಸವೇ ಸರಿ. ಅದು ಅಳಿದ ಮೇಲೂ ನೆರೆಹೊರೆಯ ನಾಲಗೆಯಲ್ಲಿ ಉಳಿಯುವ ಬರಹವನ್ನು ಅಳಿಸಬೇಕಾದವರು ನಾವು.